ಆಟದ ಹೆಸರಿನಲ್ಲಿ ಪುಂಡಾಟ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಆ ಗಾದೆಯಲ್ಲಿ ಬೆಕ್ಕಿದೆ, ಇಲಿಯಿದೆ. ಪಕ್ಕದಲ್ಲಿ ಕುಳಿತು ‘ಹೋಗಲಿ ಬಿಡು, ಆಟ ತಾನೆ?’ ಎಂದು ಇಲಿಗೇ ಬುದ್ಧಿ ಹೇಳುವ ಮನೆಯ ಯಜಮಾನ ಮಾತ್ರ ಇಲ್ಲ. ಕಂಪ್ಯೂಟರಿನ ಮೇಲೂ ಮೊಬೈಲಿನ ಮೇಲೂ ನಡೆಯುವ ಇಂದಿನ ಆಟಗಳ ವಿಷಯದಲ್ಲಿ ಆ ಯಜಮಾನನ ಪಾತ್ರವನ್ನು ನಾವು, ಅಂದರೆ ಸುಶಿಕ್ಷಿತರೆನಿಸಿಕೊಂಡ ಮಧ್ಯಮ ವರ್ಗದವರು, ಚೆನ್ನಾಗಿಯೇ ವಹಿಸುತ್ತಿದ್ದೇವೆ. ಈ ಲೇಖನ ಮುಖ್ಯವಾಗಿ ಆ ಯಜಮಾನನನ್ನು ಕುರಿತದ್ದು.

ಈ ಆಟಗಳ ಗಂಧವಿಲ್ಲದ ವಾಚಕರಿಗಾಗಿ ಎರಡು ಮಾತು. ಬೇರೆ ಬೇರೆ ಊರಿನಲ್ಲಿ ಕುಳಿತವರು ಒಟ್ಟಿಗೆ ಆಡಬೇಕಾದರೆ ಅವರೆಲ್ಲರನ್ನೂ ಕೂಡಿಸುವ ಒಂದು ಯಂತ್ರ ಎಲ್ಲಿಯೋ ಇರಬೇಕು. ಅದಕ್ಕೆ ಸರ್ವರ್ ಎನ್ನುತ್ತಾರೆ. ಅದೇ ಈ ಕಾಲದ ಗರಡಿಮನೆ. ಕೆಲವರು ತಮ್ಮ ಆಟವನ್ನು ಯೂಟ್ಯೂಬಿನಂಥ ವೇದಿಕೆಗಳಲ್ಲಿ ನೇರವಾಗಿ ತೋರಿಸುತ್ತ, ನೋಡುವವರೊಡನೆ ಹರಟುತ್ತಾರೆ. ಇವರು ಸ್ಟ್ರೀಮರುಗಳು, ಹಲವರಿಗೆ ಇದೇ ಹೊಟ್ಟೆಪಾಡು. ಈ ಗರಡಿಯ ಮೇಲೆ ಎರಡು ಬಗೆಯ ದಾಳಿ ನಡೆಯುತ್ತದೆ. ಒಂದು, ಯಂತ್ರದ ಮೇಲೆ. ರೈಲ್ವೆ ಸ್ಟೇಷನ್ನಿನ ಟಿಕೇಟು ಖಿಡಕಿಯ ಮುಂದೆ ಎಲ್ಲಿಗೂ ಹೋಗಬೇಕಾಗಿಲ್ಲದ ಹತ್ತು ಸಾವಿರ ಜನ ಬಂದು ಒಮ್ಮೆಗೇ ಕೂಗಿಕೊಂಡರೆ ನಿಜವಾದ ಪ್ರಯಾಣಿಕನ ಗತಿ ಏನಾದೀತು? ಹಾಗೆಯೇ ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ಸರ್ವರಿನ ಉಸಿರು ಕಟ್ಟಿಸುತ್ತಾರೆ. ಎರಡನೆಯದು, ಮನುಷ್ಯರ ಮೇಲೆ. ಹೊಲಸು ಮಾತು, ಅತ್ಯಾಚಾರದ ಬೆದರಿಕೆ, ಮನೆಯ ವಿಳಾಸ ಬಯಲು ಮಾಡುವುದು, ಹೆಣ್ಣುಮಕ್ಕಳ ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸುವುದು.

‘ಆಟದೊಳಗಿನ ಜಗಳ ಆಟದೊಳಗೇ ಮುಗಿಯುತ್ತದೆ’ ಎಂಬುದು ಯಜಮಾನರ ಮೊದಲ ಸಮಾಧಾನ. ಮುಗಿಯುತ್ತದೆಯೇ? ಅಮೇರಿಕದ ಮೂವರು ತರುಣರು 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರವನ್ನು ಕಟ್ಟಿದರು. ಮಕ್ಕಳು ಇಟ್ಟಿಗೆ ಜೋಡಿಸಿದಂತೆ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಆಟದ ಸರ್ವರುಗಳನ್ನು ಕೆಡವುವುದು ಅವರ ಮುಖ್ಯ ಉದ್ದೇಶಗಳಲ್ಲೊಂದು. ಜನರ ಮನೆಗಳಲ್ಲಿದ್ದ ಕಾವಲು ಕ್ಯಾಮರಾಗಳನ್ನೂ ಇಂಟರ್ನೆಟ್ ಪೆಟ್ಟಿಗೆಗಳನ್ನೂ ಒಡೆಯರಿಗೆ ತಿಳಿಯದಂತೆ ವಶಪಡಿಸಿಕೊಂಡು ಅವನ್ನೇ ಸೈನ್ಯವಾಗಿ ನಡೆಸಿದರು. ಸೋಜಿಗವೆಂದರೆ, ಇಂಥ ದಾಳಿಯಿಂದ ರಕ್ಷಣೆ ಮಾರುವ ಕಂಪನಿಯನ್ನೂ ಅವರಲ್ಲಿಬ್ಬರು ನಡೆಸಿದ್ದರು; ಕಲ್ಲೆಸೆಯುವವನೇ ಬಾಗಿಲಿಗೆ ಬಂದು ಕಾವಲುಗಾರನ ಕೆಲಸ ಕೇಳಿದಂತೆ! ಮುಂದೆ ಆ ತಂತ್ರದ ಗುಟ್ಟು ಬಯಲಿಗೆ ಬಿತ್ತು. ಅದೇ ವರ್ಷ ಅಕ್ಟೋಬರ್ 21ರಂದು ಬೇರೆ ಯಾರೋ ಅದನ್ನೇ ಪ್ರಯೋಗಿಸಿ, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ದೊಡ್ಡ ತಾಣಗಳು ಅನೇಕ ಜನರಿಗೆ ತಾಸುಗಟ್ಟಲೆ ಸಿಗದಂತೆ ಮಾಡಿದರು. ಮಕ್ಕಳ ಆಟದ ಅಂಗಳಕ್ಕೆಂದು ಮಸೆದ ಕತ್ತಿ ಊರ ಪೇಟೆಯನ್ನೇ ಮುಚ್ಚಿಸಿತು.

ಪ್ರಾಣವೂ ಹೋಗಿದೆ. 2017ರ ಡಿಸೆಂಬರ್ 28ರಂದು, ‘ಕಾಲ್ ಆಫ್ ಡ್ಯೂಟಿ’ ಎಂಬ ಆಟದಲ್ಲಿ ಒಂದೂವರೆ ಡಾಲರಿನ ಪಂದ್ಯದ ವ್ಯಾಜ್ಯ ಎದ್ದು, ಲಾಸ್ ಏಂಜಲೀಸಿನಲ್ಲಿದ್ದವನೊಬ್ಬ ಕಾನ್ಸಾಸಿನ ವಿಚಿಟಾ ಊರಿನ ಪೊಲೀಸರಿಗೆ ಕರೆ ಮಾಡಿ, ಇಂಥ ಮನೆಯಲ್ಲಿ ಕೊಲೆ ನಡೆದಿದೆಯೆಂದು ಸುಳ್ಳು ಹೇಳಿದ. ಬಂದ ಪೊಲೀಸರ ಗುಂಡಿಗೆ ಬಲಿಯಾದವನು ಆ ಆಟಕ್ಕೂ ಆ ಜಗಳಕ್ಕೂ ಏನೇನೂ ಸಂಬಂಧವಿಲ್ಲದ ಇಪ್ಪತ್ತೆಂಟರ ಗೃಹಸ್ಥ. ಕರೆ ಮಾಡಿದವನಿಗೆ 2019ರಲ್ಲಿ 20 ವರ್ಷಗಳ ಸೆರೆವಾಸವಾಯಿತು. ಒಂದೂವರೆ ಡಾಲರಿಗೆ ಒಂದು ಜೀವ!

ಅಮೇರಿಕದ ಮಾತು ನಮಗೇಕೆ ಎನ್ನುವವರು ಬೆಂಗಳೂರಿನ ಕಡೆಗೆ ನೋಡಲಿ. 2020ರ ನವೆಂಬರಿನಲ್ಲಿ ಅಲ್ಲಿಯ ಸಿ.ಸಿ.ಬಿ. ಪೊಲೀಸರು ಬಂಧಿಸಿದ ತರುಣನೊಬ್ಬನ ಮೇಲಿನ ಆರೋಪಗಳಲ್ಲಿ ಪೋಕರ್ ಆಟದ ತಾಣಗಳನ್ನು ಭೇದಿಸಿದ್ದು ಒಂದು. ರಾಜ್ಯ ಸರಕಾರದ ಇ-ಟೆಂಡರು ವ್ಯವಸ್ಥೆಯನ್ನು ಭೇದಿಸಿ ಕೋಟಿಗಟ್ಟಲೆ ರೊಕ್ಕ ಸಾಗಿಸಿದ್ದು ಇನ್ನೊಂದು. ಆರೋಪದ ತೀರ್ಮಾನ ನ್ಯಾಯಾಲಯದ್ದು. ಆದರೆ ಆಟದ ತಾಣದ ಬೀಗವೂ ಬೊಕ್ಕಸದ ಬೀಗವೂ ಒಂದೇ ಜಾತಿಯವು ಎಂಬುದನ್ನು ತಿಳಿಯಲು ತೀರ್ಪಿಗಾಗಿ ಕಾಯಬೇಕಾಗಿಲ್ಲ.

ಮಾತಿನ ದಾಳಿಗೂ ನಮ್ಮಲ್ಲೇ ಉದಾಹರಣೆಯಿದೆ, ಅದು ಆಟದ ಅಂಗಳದ್ದಲ್ಲವಾದರೂ ರೀತಿ ಅದೇ. 2025ರ ಜುಲೈಯಲ್ಲಿ ನಟಿಯೂ ಮಾಜಿ ಸಂಸದೆಯೂ ಆದ ರಮ್ಯಾ ಒಂದು ಮೊಕದ್ದಮೆಯ ಬಗ್ಗೆ ಅಭಿಪ್ರಾಯ ಹೇಳಿದ್ದೇ ತಡ, ನಟನೊಬ್ಬನ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಅಶ್ಲೀಲ ಬೈಗಳ, ಅತ್ಯಾಚಾರದ ಬೆದರಿಕೆಯ ಮಳೆಗರೆದರು. ಅವರು 43 ಖಾತೆಗಳನ್ನು ಹೆಸರಿಸಿ ಬೆಂಗಳೂರು ಪೊಲೀಸ್ ಕಮಿಷನರರಿಗೆ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನಗಳಾದವು. ಸಂತೋಷ. ಆದರೆ ಲೋಕಸಭೆಯಲ್ಲಿ ಕುಳಿತು ಬಂದ ಹೆಣ್ಣಿಗೇ ಈ ಗತಿಯಾದರೆ, ನಮ್ಮ ಓಣಿಯ ಮನೆಯೊಂದರ ಅಟ್ಟದ ಕೋಣೆಯಲ್ಲಿ ಕುಳಿತು ಇನ್ನೂರು ಜನರಿಗೆ ಆಟ ತೋರಿಸುವ ಕಾಲೇಜು ಹುಡುಗಿಯ ದೂರನ್ನು ಯಾರು ಕೇಳಬೇಕು? ಠಾಣೆಯ ಮಾತು ಒತ್ತಟ್ಟಿಗಿರಲಿ, ಮನೆಯಲ್ಲಿ ಕೇಳುವವರಾರು? ‘ಬಿಡವಾ, ಯಾರು ಆಡು ಅಂದಾರ? ಬಂದ ಮಾಡಿಬಿಡು.’ ಇಷ್ಟೇ ಉತ್ತರ. ಹೀಗಾಗಿ ಹುಡುಗಿಯರು ಗಂಡುಹೆಸರಿಟ್ಟುಕೊಂಡು, ಧ್ವನಿ ಮುಚ್ಚಿಕೊಂಡು ಆಡುತ್ತಾರೆ. ಬೈದವನು ಹೆಸರು ಬದಲಿಸಿಕೊಂಡು ಮೆರೆಯುತ್ತಾನೆ. ಬೈಸಿಕೊಂಡವಳು ಹೆಸರು ಬದಲಿಸಿಕೊಂಡು ಅಡಗುತ್ತಾಳೆ. ಇದು ಯಾವ ನ್ಯಾಯ?

ಈ ಉಪದೇಶ ಹೊಸದೇನೂ ಅಲ್ಲ. ನಮ್ಮ ದೇಶಪಾಂಡೆ ನಗರದಲ್ಲಿಯೇ ಬಾಳಿದ ಗಂಗೂಬಾಯಿ ಹಾನಗಲ್ಲರು ಬೀದಿಯಲ್ಲಿ ನಡೆದರೆ ಜನ ‘ಗಾನೇವಾಲಿ’ ಎಂದು ಹೀಯಾಳಿಸುತ್ತಿದ್ದ ಕಾಲವೊಂದಿತ್ತು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಅಂದು ಅವರು ‘ಹೋಗಲಿ, ಹಾಡು ತಾನೆ’ ಎಂದು ಬಿಟ್ಟುಕೊಟ್ಟಿದ್ದರೆ? ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿಯದೆ ಮನೆಯಲ್ಲಿ ಕುಳಿತಿದ್ದರೆ? 2002ರಲ್ಲಿ ಪದ್ಮವಿಭೂಷಣ ಬಂದಾಗ ಎದೆಯುಬ್ಬಿಸುವ ಭಾಗ್ಯ ಈ ಊರಿಗೆ ಇರುತ್ತಿರಲಿಲ್ಲ. ಮೊಬೈಲಿನ ಆಟವನ್ನು ಕಿರಾಣಾ ಘರಾಣೆಯ ಗಾಯನಕ್ಕೆ ಹೋಲಿಸುವ ಮೂರ್ಖತನ ನನ್ನದಲ್ಲ. ಹೋಲಿಕೆಯಿರುವುದು ಹೀಯಾಳಿಸುವವರಲ್ಲಿ. ಅಂದು ಕಟ್ಟೆಯ ಮೇಲೆ ಹತ್ತು ಜನ ಕುಳಿತಿದ್ದರು. ಇಂದು ಹೆಸರಿಲ್ಲದ ಹತ್ತು ಸಾವಿರ ಜನ ಕುಳಿತಿದ್ದಾರೆ.

ಇಲ್ಲಿ ಇಬ್ಬರು ಪ್ರತಿವಾದಿಗಳು ಏಳುತ್ತಾರೆ. ಮೊದಲನೆಯವನು ವಾಕ್ ಸ್ವಾತಂತ್ರ್ಯದ ಭಕ್ತ. ಟೀಕೆ ಬೇಕು, ನಿಜ. ನಿಂದಕರಿಂದಲೂ ಉಪಕಾರವಿದೆಯೆಂದು ದಾಸರು ಹಾಡಿದ್ದಾರೆ. ಆದರೆ ‘ನಿನ್ನ ಆಟ ಕೆಟ್ಟದ್ದು’ ಎನ್ನುವುದು ನಿಂದೆ. ‘ನಿನ್ನ ಮನೆ ಎಲ್ಲಿದೆಯೆಂದು ಗೊತ್ತು’ ಎನ್ನುವುದು ಬೆದರಿಕೆ. ಒಂದು ಮಾತನ್ನು ಬೆಳೆಸುತ್ತದೆ, ಇನ್ನೊಂದು ಮಾತಾಡುವವಳ ಬಾಯನ್ನೇ ಹೊಲಿಯುತ್ತದೆ. ಎರಡನೆಯವನು ಆಟಗಳನ್ನೇ ನಿಷೇಧಿಸಿ ಎನ್ನುವ ಸುಧಾರಕ. ರೊಕ್ಕ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು, ಒಳ್ಳೆಯದೇ. ಆದರೆ ಅದೇ ಕಾಯ್ದೆ ಇ-ಕ್ರೀಡೆಗೆ ಕ್ರೀಡೆಯೆಂಬ ಮಾನ್ಯತೆಯನ್ನೂ ಕೊಟ್ಟಿದೆ. ಮಾನ್ಯತೆ ಪಡೆದ ಬಯಲಿನಲ್ಲಿ ಆಡುವವರಿಗೆ ರಕ್ಷಣೆ ಬೇಡವೇ? ಕುಸ್ತಿಯ ಕಣಕ್ಕೆ ಕಲ್ಲು ಬಿದ್ದರೆ ಕುಸ್ತಿಯನ್ನು ನಿಲ್ಲಿಸುತ್ತೀರೋ, ಕಲ್ಲು ತೂರಿದವನನ್ನು ಹಿಡಿಯುತ್ತೀರೋ?

ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಪ್ರಕಾರ, ದುರುದ್ದೇಶದಿಂದ ಯಂತ್ರದ ಬಳಕೆಗೆ ಅಡ್ಡಿ ಮಾಡಿದವನಿಗೆ ಮೂರು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣಿನ ಬೆನ್ನು ಹತ್ತುವುದಕ್ಕೂ, ಹೆಸರು ಮರೆಸಿ ಬೆದರಿಸುವುದಕ್ಕೂ ಶಿಕ್ಷೆಯಿದೆ. ನಮ್ಮ ಅವಳಿನಗರದಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿ.ಇ.ಎನ್. ಠಾಣೆಯೂ ಇದೆ. ಬ್ಯಾಂಕಿನ ರೊಕ್ಕ ಹೋದಾಗ ನಾವು ಅಲ್ಲಿಗೆ ಓಡುತ್ತೇವೆ. ಮಗಳ ಮಾನಕ್ಕೆ ಕೈ ಬಿದ್ದಾಗ ‘ನಾಲ್ಕು ಜನ ಏನಂದಾರು’ ಎಂದು ಕದ ಮುಚ್ಚುತ್ತೇವೆ. ದೂರೇ ಬರದಿದ್ದರೆ ಕಲಮು ತಾನಾಗಿ ಎದ್ದು ನಡೆದೀತೇ?

ಇನ್ನೊಂದು ಕಹಿ ಮಾತನ್ನೂ ಹೇಳಿಬಿಡಬೇಕು. ಈ ದಾಳಿಕೋರರೆಲ್ಲ ಪಾತಾಳದಿಂದ ಎದ್ದು ಬಂದ ರಾಕ್ಷಸರಲ್ಲ. ಸರ್ವರ್ ಕೆಡವುವ ಸೇವೆ ಇಂದು ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುತ್ತದೆ. ಅದಕ್ಕೆ ಪಾಂಡಿತ್ಯ ಬೇಡ, ಸೋತ ಸಿಟ್ಟು ಸಾಕು. ಊಟಕ್ಕೆ ಕರೆದರೆ ‘ಬಂದೆ’ ಎನ್ನುತ್ತ ಕೋಣೆಯಲ್ಲಿ ಕುಳಿತ ನಮ್ಮ ನಿಮ್ಮ ಮನೆಯ ಹುಡುಗನೇ ಅವರಲ್ಲೊಬ್ಬನಿದ್ದಾನು. ಅವನ ತಾಯಿತಂದೆಗಳು ಅವನ ಅಂಕಪಟ್ಟಿ ನೋಡಿದ್ದಾರೆ. ಅವನ ಭಾಷೆಯನ್ನು ಕೇಳಿಲ್ಲ. ಕನ್ನಡ ಕಲಿಸುವ ನನ್ನಂಥವರಿಗೆ ಇದು ಹೆಚ್ಚು ನಾಚಿಕೆಯ ವಿಷಯ, ಏಕೆಂದರೆ ಆ ಬೈಗುಳಗಳೆಲ್ಲ ಅಚ್ಚ ಕನ್ನಡದಲ್ಲಿಯೇ ಇರುತ್ತವೆ.

ಆದುದರಿಂದ ಯಜಮಾನರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮಗಳು ಬಂದು ಹೇಳಿದಾಗ ಆಟ ಬಂದು ಮಾಡಿಸಬೇಡಿರಿ; ಬೈದ ಮಾತುಗಳ ಚಿತ್ರ ತೆಗೆದಿಡಿಸಿ, ಠಾಣೆಗೆ ಜೊತೆಯಲ್ಲಿ ನಡೆಯಿರಿ. ಮಗ ಕೋಣೆಯೊಳಗೆ ನಗುತ್ತಿದ್ದರೆ, ಯಾರನ್ನು ಅಳಿಸಿ ನಗುತ್ತಿದ್ದಾನೆಂದು ಒಮ್ಮೆ ಕದ ತೆರೆದು ನೋಡಿರಿ.