ನೆರಳು ಉಪವಾಸ ಬಿದ್ದ ನೆಗೆಟಿವ್

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಹಿರಿಯರು ಹೇಳುತ್ತಾರೆ. ಛಾಯಾಗ್ರಹಣದಲ್ಲಿ ತೊಡಗಿದವರಿಗೆ ಈ ಮಾತಿನ ಅರ್ಥ ಉಳಿದವರಿಗಿಂತ ತುಸು ಚೆನ್ನಾಗಿಯೇ ತಿಳಿದಿರುತ್ತದೆ. ಫಿಲ್ಮಿನ ಮೇಲೆ ಬೀಳಬೇಕಾದ ಬೆಳಕು ಬೀಳಬೇಕಾದ ಗಳಿಗೆಯಲ್ಲಿ ಬೀಳದೆ ಹೋದರೆ, ಆಮೇಲೆ ಯಾವ ರಸಾಯನವೂ ಅದನ್ನು ತಂದು ತುಂಬಲಾರದು. ಆದರೂ ಬೆಳಕು ಸಾಲದ ನೆಗೆಟಿವನ್ನು ಕಂಡೊಡನೆ ಕಸದ ಬುಟ್ಟಿಗೆ ಎಸೆಯುವುದು ಜಾಣತನವಲ್ಲ. ಅದರಲ್ಲಿ ಉಳಿದುದೇನು, ಅಳಿದುದೇನು ಎಂದು ವಿಚಾರಿಸಿ ನೋಡುವವರಿಗೆ ಅದು ಪಾಠವನ್ನು ಕಲಿಸುತ್ತದೆ. ಒಮ್ಮೊಮ್ಮೆ ಚಿತ್ರವನ್ನೂ ಕೊಡುತ್ತದೆ. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಛಾಯಾಚಿತ್ರಗಳಲ್ಲೊಂದು ಇದಕ್ಕೆ ಸಾಕ್ಷಿ.

1941ರ ನವೆಂಬರ್ 1ರ ಸಂಜೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸರು ನ್ಯೂ ಮೆಕ್ಸಿಕೋ ರಾಜ್ಯದ ಚಾಮಾ ಕಣಿವೆಯಲ್ಲಿ ದಿನವೆಲ್ಲ ಅಲೆದು, ಮನಸ್ಸಿಗೊಪ್ಪುವ ಚಿತ್ರ ದೊರೆಯದೆ, ಸಾಂತಾ ಫೆ ನಗರದ ಕಡೆಗೆ ಕಾರಿನಲ್ಲಿ ಮರಳುತ್ತಿದ್ದರು. ಜೊತೆಯಲ್ಲಿ ಬಾಲಕನಾದ ಮಗ ಮೈಕೆಲ್ ಮತ್ತು ಗೆಳೆಯ ಸೆಡ್ರಿಕ್ ರೈಟ್ ಇದ್ದರು. ಹರ್ನಾಂಡೆಸ್ ಎಂಬ ಪುಟ್ಟ ಹಳ್ಳಿಯ ಬಳಿ ಅವರ ಕಣ್ಣಿಗೆ ಅಪೂರ್ವ ದೃಶ್ಯವೊಂದು ಬಿದ್ದಿತು. ಪೂರ್ವದಲ್ಲಿ ಹಿಮದ ಬೆಟ್ಟಗಳ ಮೇಲೆ ಪೂರ್ಣಿಮೆಗೆ ಸಮೀಪಿಸಿದ ಚಂದ್ರ. ಕೆಳಗೆ ಇಗರ್ಜಿ, ಮಣ್ಣಿನ ಮನೆಗಳು, ಸ್ಮಶಾನ. ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕಡೆಯ ಕಿರಣ.

ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಅವರು ಕ್ಯಾಮರಾವನ್ನು ಹೂಡಿದರು. ಅದು ಕೈಯಲ್ಲಿ ಹಿಡಿಯುವ ಪುಟ್ಟ ಪೆಟ್ಟಿಗೆಯಲ್ಲ. ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗುವ ಬೆಲ್ಲೋಸ್, ಹಿಂದೆ ಮಸಕು ಗಾಜು, 8 ಅಂಗುಲ ಅಗಲ 10 ಅಂಗುಲ ಉದ್ದದ ಫಿಲ್ಮಿನ ಹಾಳೆ; ಒಂದು ಹಾಳೆಗೆ ಒಂದೇ ಚಿತ್ರ. ಎಲ್ಲವೂ ಸಿದ್ಧವಾಯಿತು, ಬೆಳಕನ್ನು ಅಳೆಯುವ ಮೀಟರು ಮಾತ್ರ ಕೈಗೆ ಸಿಗಲಿಲ್ಲ. ಹುಡುಕುತ್ತ ಕುಳಿತರೆ ಸೂರ್ಯ ಕಾಯುವನೆ? ಆಗ ಅವರ ನೆನಪಿಗೆ ಬಂದುದು ಚಂದ್ರಬಿಂಬದ ಪ್ರಭೆ ಚದರ ಅಡಿಗೆ 250 ಕ್ಯಾಂಡಲ್ ಎಂಬ ಒಂದೇ ಅಂಕಿ.

ಆ ಅಂಕಿಯಿಂದ ಅವರು ಕಟ್ಟಿದ ಲೆಕ್ಕ ಬಹು ಸೊಗಸಾದುದು. ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗಿನ ಛಾಯೆಗಳನ್ನು 0ಯಿಂದ 10ರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸುವ ‘ಜೋನ್’ ಪದ್ಧತಿಯನ್ನು ಫ್ರೆಡ್ ಆರ್ಚರರೊಡನೆ ರೂಪಿಸಿದವರು ಅವರೇ. ಒಂದೊಂದು ಮೆಟ್ಟಿಲೇರಿದಾಗಲೂ ಬೆಳಕು ಇಮ್ಮಡಿಯಾಗುತ್ತದೆ. ಚಂದ್ರನನ್ನು 7ನೆಯ ಮೆಟ್ಟಿಲಲ್ಲಿ ಕುಳ್ಳಿರಿಸಿದರೆ, ನಡುಬೂದಿ ಬಣ್ಣದ 5ನೆಯ ಮೆಟ್ಟಿಲಿಗೆ ಅದರ ಕಾಲುಭಾಗ, ಎಂದರೆ ಸುಮಾರು 60 ಕ್ಯಾಂಡಲ್ ಬರುತ್ತದೆ. ಫಿಲ್ಮಿನ ವೇಗ 64. ಅದರ ವರ್ಗಮೂಲ 8. ಆದುದರಿಂದ ಎಫ್ 8ರ ಕಂಡಿಯಲ್ಲಿ ಒಂದು ಸೆಕೆಂಡಿನ 60ನೆಯ ಒಂದು ಭಾಗ ಸಾಕು. ಹಳದಿ ಫಿಲ್ಟರು ನುಂಗುವ ಬೆಳಕಿಗಾಗಿ ಅದರ ಮೂರರಷ್ಟು, ಎಂದರೆ 20ನೆಯ ಒಂದು ಭಾಗ. ಕಂಡಿಯನ್ನು ಎಫ್ 32ಕ್ಕೆ ಕಿರಿದುಗೊಳಿಸಿದರೆ ಅದರ ಹದಿನಾರರಷ್ಟು. ಹೆಚ್ಚುಕಡಮೆ ಒಂದು ಸೆಕೆಂಡು. ಷಟರು ತೆರೆದು ಮುಚ್ಚಿತು. ಎರಡನೆಯ ಹಾಳೆಗಾಗಿ ಹೋಲ್ಡರನ್ನು ತಿರುಗಿಸಿ ಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ಉಳಿದುದು ಒಂದೇ ನೆಗೆಟಿವ್.

ಚಂದ್ರನಿಗೆ ಸರಿಹೊಂದಿಸಿದ ಲೆಕ್ಕದಲ್ಲಿ ಚಂದ್ರ ಸುರಕ್ಷಿತವಾಗಿ ಬಂದ. ಆದರೆ ಅವನಿಗೆ ತೃಪ್ತಿಯಾದ ಬೆಳಕು ಹಳ್ಳಿಯ ನೆಲಕ್ಕೆ ಸಾಲದು. ಮುಂದಣ ಪೊದೆಗಳು, ಗೋಡೆಗಳ ನೆರಳು, ಇವೆಲ್ಲ ನೆಗೆಟಿವಿನಲ್ಲಿ ತೀರ ತೆಳುವಾಗಿ ಮೂಡಿದವು. ಅನುಭವದಲ್ಲಿ ಅಷ್ಟು ಪಳಗಿದವರಿಗೂ ಬಂದ ಈ ಸಂಕಟ ದೊಡ್ಡ ಕ್ಯಾಮರಾ ಹಿಡಿದ ಹೊಸಬರಿಗೆ ಮೇಲಿಂದ ಮೇಲೆ ಬರುವುದರಲ್ಲಿ ಆಶ್ಚರ್ಯವೇನು?

ಇನ್ನು ರೋಗಪರೀಕ್ಷೆಯ ಮಾತು. ತೆಳುವಾದ ನೆಗೆಟಿವುಗಳೆಲ್ಲ ಬೆಳಕು ಸಾಲದವುಗಳೇ ಎಂದು ತಿಳಿಯಬಾರದು. ಡೆವಲಪರಿನಲ್ಲಿ ಸಾಕಷ್ಟು ಹೊತ್ತು ಇರದಿದ್ದರೂ ನೆಗೆಟಿವ್ ತೆಳುವಾಗುತ್ತದೆ. ಎರಡಕ್ಕೂ ಮದ್ದು ಬೇರೆ. ನೆಗೆಟಿವಿನಲ್ಲಿ ಎಲ್ಲವೂ ತಲೆಕೆಳಗು: ನೆರಳು ತಿಳಿಯಾಗಿಯೂ ಬೆಳಕು ಕಪ್ಪಾಗಿಯೂ ಕಾಣುತ್ತದೆ. ನೆರಳಿನ ಭಾಗ ಬರಿಯ ಗಾಜಿನಂತೆ ತಿಳಿಯಾಗಿದ್ದು, ಅದರೊಳಗೆ ಎಲೆ, ಮಡಿಕೆ, ಕೂದಲು ಯಾವುದೂ ಇಲ್ಲದೆ, ಬೆಳಗುವ ಭಾಗಗಳು ಮಾತ್ರ ತಕ್ಕಷ್ಟು ಕಪ್ಪಾಗಿದ್ದರೆ ಅದು ಬೆಳಕಿನ ಕೊರತೆ. ನೆರಳಿನಲ್ಲಿ ಸೂಕ್ಷ್ಮ ವಿವರಗಳು ಮಸುಕಾಗಿಯಾದರೂ ಇದ್ದು, ಬೆಳಗುವ ಭಾಗಗಳು ಬಡವಾಗಿ, ಇಡೀ ಚಿತ್ರ ಸಪ್ಪೆಯಾಗಿದ್ದರೆ ಅದು ಡೆವಲಪರಿನ ಕೊರತೆ. ಸುರುಳಿ ಫಿಲ್ಮಿನ ಅಂಚಿನಲ್ಲಿ ಕಾರ್ಖಾನೆಯವರೇ ಮೂಡಿಸಿದ ಅಂಕಿಗಳಿರುತ್ತವೆ. ಅವು ಗಾಢವಾಗಿದ್ದರೆ ಡೆವಲಪರ್ ನಿರಪರಾಧಿ. ಹಾಳೆ ಫಿಲ್ಮಿಗೆ ಆ ಸಾಕ್ಷಿಯೂ ಇಲ್ಲ. ಅಂಚಿನಲ್ಲಿರುವುದು ಜಾತಿಯನ್ನು ಗುರುತಿಸುವ ಕಚ್ಚುಗಳು ಮಾತ್ರ. ಅದಕ್ಕಾಗಿಯೇ ನೆರಳನ್ನು ಓದುವ ಅಭ್ಯಾಸ ಇಲ್ಲಿ ಅಗತ್ಯ.

ಬೆಳಕು ಸೋರಿಹೋಗುವ ದಾರಿಗಳು ಹಲವು. ಮೊದಲನೆಯದು ಬೆಲ್ಲೋಸ್. ಹತ್ತಿರದ ವಸ್ತುವಿಗೆ ಫೋಕಸ್ ಮಾಡಲು ಅದನ್ನು ಹಿಗ್ಗಿಸಿದಷ್ಟೂ ಫಿಲ್ಮಿಗೆ ತಲಪುವ ಬೆಳಕು ಕ್ಷೀಣಿಸುತ್ತದೆ. 150 ಮಿಲಿಮೀಟರ್ ಲೆನ್ಸನ್ನು 225ಕ್ಕೆ ಎಳೆದರೆ ಒಂದೂವರೆಯ ವರ್ಗ, ಎಂದರೆ ಎರಡೂಕಾಲರಷ್ಟು ಬೆಳಕು ಬೇಕು. 300ಕ್ಕೆ ಎಳೆದರೆ ನಾಲ್ಕರಷ್ಟು. ದೂರದ ಬೆಟ್ಟವನ್ನು ಹಿಡಿದಾಗ ಕಾಣದ ಈ ಸಾಲ, ಹೂವನ್ನೋ ಮುಖವನ್ನೋ ದೊಡ್ಡದಾಗಿ ಹಿಡಿದಾಗ ಬಡ್ಡಿಸಹಿತ ಎದುರು ನಿಲ್ಲುತ್ತದೆ.

ಎರಡನೆಯದು ಫಿಲ್ಟರು. ಕಡುಗೆಂಪು 25ನೆಯ ಫಿಲ್ಟರಿಗೆ ಬೆಳಕು ಎಂಟರಷ್ಟು ಬೇಕು. ಅದನ್ನು ಮರೆತರೆ ಆಕಾಶ ಕಪ್ಪಾಗುವುದರ ಜೊತೆಗೆ ನೆಲವೂ ಕಪ್ಪಾಗುತ್ತದೆ. ಮೂರನೆಯದು ಫಿಲ್ಮಿನ ಆಯಾಸ. ಸೆಕೆಂಡುಗಳ ಲೆಕ್ಕದಲ್ಲಿ ಬೆಳಕುಂಡ ಫಿಲ್ಮು ಕ್ರಮೇಣ ಮಂದವಾಗುತ್ತದೆ. ಕೊಡಕ್ ಕಂಪನಿ ತನ್ನ ಟ್ರೈ-ಎಕ್ಸ್ ಫಿಲ್ಮಿಗಾಗಿ ಅಚ್ಚು ಹಾಕಿದ ಕೋಷ್ಟಕದಲ್ಲಿ ಮೀಟರು 10 ಸೆಕೆಂಡು ಹೇಳಿದರೆ 50 ಸೆಕೆಂಡು ಕೊಡಬೇಕೆಂದಿದೆ. ದೊಡ್ಡ ಕ್ಯಾಮರಾದಲ್ಲಿ ಎಲ್ಲವೂ ಸ್ಪಷ್ಟವಾಗಿರಲೆಂದು ಕಂಡಿಯನ್ನು ಎಫ್ 32, 45, 64ಕ್ಕೆ ಕಿರಿದುಗೊಳಿಸುವುದು ವಾಡಿಕೆಯಾದುದರಿಂದ ಈ ಆಯಾಸ ಇಲ್ಲಿ ನಿತ್ಯದ ಅತಿಥಿ. ಫಿಲ್ಮಿನಿಂದ ಫಿಲ್ಮಿಗೆ ಅದರ ಪ್ರಮಾಣ ಬದಲಾಗುವುದರಿಂದ ಆಯಾ ಫಿಲ್ಮಿನ ಕೋಷ್ಟಕವನ್ನೇ ನೋಡಬೇಕು.

ನಾಲ್ಕನೆಯದು ಮೀಟರನ್ನು ನಂಬುವ ಬಗೆ. ಅದಕ್ಕೆ ತೋರಿಸಿದುದೆಲ್ಲ ನಡುಬೂದಿ ಬಣ್ಣವೇ. ಬಿಳಿಯ ಆಕಾಶದ ಕಡೆಗೆ ಹಿಡಿದರೆ ಅದು ಆಕಾಶಕ್ಕೆ ಊಟ ಬಡಿಸಿ ನೆಲವನ್ನು ಉಪವಾಸ ಕೆಡವುತ್ತದೆ. ಹಳೆಯ ಷಟರಿನ ಮೇಲೆ ಸಂಶಯ ಪಡುವವರು ಬಹಳ. ಆದರೆ ಎಣ್ಣೆ ಗಟ್ಟಿಯಾದ ಮುದಿ ಷಟರು ಸಾಮಾನ್ಯವಾಗಿ ನಿಧಾನವಾಗಿ ಮುಚ್ಚಿ ಬೆಳಕನ್ನು ಹೆಚ್ಚಾಗಿಯೇ ಕೊಡುತ್ತದೆ. ಅದನ್ನು ಕಟ್ಟಕಡೆಗೆ ವಿಚಾರಿಸಿದರೂ ನಡೆದೀತು.

ಕಾರಣ ತಿಳಿದ ಮೇಲೆ ಚಿಕಿತ್ಸೆ. ಡೆವಲಪ್ ಮಾಡುವ ಕಾಲವನ್ನು ಹೆಚ್ಚಿಸಿದರೆ ಆಯಿತೆಂಬುದು ಮೊದಲು ಹೊಳೆಯುವ ಉಪಾಯ. ಆದರೆ ಹೆಚ್ಚಿದ ಕಾಲ ಬೆಳಗುವ ಭಾಗವನ್ನೇ ಹೆಚ್ಚು ಬೆಳೆಸುತ್ತದೆ. ನೆರಳಿಗೆ ದೊರೆಯುವುದು ಅತ್ಯಲ್ಪ. ಉಳ್ಳವರಿಗೇ ಉಡುಗೊರೆ ಎಂಬಂತೆ! ಆಡಮ್ಸರು ಇದಕ್ಕೆ ವಿರುದ್ಧವಾದ ಹಾದಿ ಹಿಡಿದರು. ತಿಳಿಯಾದ ಡೆವಲಪರಿನಲ್ಲಿ 30 ಸೆಕೆಂಡು, ಬಳಿಕ ಅಲುಗಾಡಿಸದೆ ಬರಿಯ ನೀರಿನಲ್ಲಿ 2 ನಿಮಿಷ. ಹೀಗೆ ಹತ್ತು ಆವೃತ್ತಿ. ನೀರಿನಲ್ಲಿರುವಾಗ ಬೆಳಗುವ ಭಾಗದೊಳಗೆ ಹೀರಿಕೊಂಡ ಡೆವಲಪರ್ ಬೇಗನೆ ಮುಗಿದುಹೋಗುತ್ತದೆ. ನೆರಳಿನೊಳಗಿನದು ಮೆಲ್ಲನೆ ಕೆಲಸ ಮಾಡುತ್ತಲೇ ಇರುತ್ತದೆ. ಚಂದ್ರ ಉಳಿದ, ನೆಲವೂ ಇದ್ದಷ್ಟರಲ್ಲಿ ಚೇತರಿಸಿಕೊಂಡಿತು. ಆದರೂ ಅದರಿಂದ ಪ್ರತಿ ತೆಗೆಯುವುದು ಪ್ರಯಾಸದ ಕೆಲಸವಾಗಿಯೇ ಉಳಿಯಿತು.

ಏಳು ವರ್ಷಗಳ ತರುವಾಯ, 1948ರಲ್ಲಿ, ಅವರು ಧೈರ್ಯದ ನಿರ್ಧಾರವೊಂದನ್ನು ಕೈಗೊಂಡರು. ಆ ವೇಳೆಗೆ ಚಿತ್ರ ಪ್ರಸಿದ್ಧವಾಗಿತ್ತು. ಇದ್ದುದು ಒಂದೇ ಮೂಲ. ಕೈ ತಪ್ಪಿದರೆ ಮತ್ತೆ ಆ ಸಂಜೆ ಬರುವಂತಿಲ್ಲ. ನೆಗೆಟಿವನ್ನು ಪುನಃ ಫಿಕ್ಸ್ ಮಾಡಿ, ತೊಳೆದು, ದಿಗಂತದ ಕೆಳಗಿನ ಭಾಗವನ್ನಷ್ಟೇ ಕೊಡಕ್ ಐಎನ್-5 ಎಂಬ ಬಲವರ್ಧಕ ದ್ರಾವಣದಲ್ಲಿ ಅದ್ದಿ ತೆಗೆದು, ಮತ್ತೆ ಅದ್ದಿ, ನಡುನಡುವೆ ನೀರಿನಲ್ಲಿ ಜಾಲಿಸಿ, ಬೇಕಾದ ಹದಕ್ಕೆ ತಂದರು. ಈ ದ್ರಾವಣ ಇರುವ ಬೆಳ್ಳಿಯ ಕಣಗಳ ಮೇಲೆ ಇನ್ನಷ್ಟು ಬೆಳ್ಳಿಯನ್ನು ಕೂಡಿಸುತ್ತದೆ. ನೆಲದ ಛಾಯೆಗಳು ಒಂದರಿಂದೊಂದು ಬೇರ್ಪಟ್ಟು ಎದ್ದು ನಿಂತವು. ಮುಂದೆ ಅದೇ ನೆಗೆಟಿವಿನಿಂದ ಅವರು ತಮ್ಮ ಜೀವಮಾನದಲ್ಲಿ 1,300ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆದರು.

ಇಲ್ಲಿ ಗಮನಿಸಬೇಕಾದುದು ‘ಇರುವ ಬೆಳ್ಳಿ’ ಎಂಬ ಮಾತು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಹರ್ನಾಂಡೆಸಿನ ನೆಲದಲ್ಲಿ ಕ್ಷೀಣವಾದರೂ ಬೆಳ್ಳಿಯಿತ್ತು. ಅದಕ್ಕೇ ಅದು ಬೆಳೆಯಿತು. ಗಾಜಿನಂತೆ ಬರಿದಾದ ನೆರಳಿಗೆ ಬಲವರ್ಧಕವೂ ಇಲ್ಲ, ಇಂದಿನ ಸ್ಕ್ಯಾನರೂ ಇಲ್ಲ. ಇಂಥ ಪ್ರಯೋಗಕ್ಕೆ ಕೈಹಾಕುವವರು ಮೊದಲು ಆ ನೆಗೆಟಿವಿನಿಂದ ಸಾಧ್ಯವಾದ ಉತ್ತಮ ಪ್ರತಿಯೊಂದನ್ನು ತೆಗೆದಿರಿಸಿ, ಕೆಲಸಕ್ಕೆ ಬಾರದ ಬೇರೊಂದು ಹಾಳೆಯ ಮೇಲೆ ಕೈ ಪಳಗಿಸಿಕೊಳ್ಳುವುದು ಕ್ಷೇಮ. ಕೈಗವಸನ್ನೂ ಗಾಳಿಯಾಡುವ ಕೋಣೆಯನ್ನೂ ಮರೆಯಲಾಗದು. ಅಷ್ಟು ದೂರ ಹೋಗಲು ಒಲ್ಲದವರು ಹೆಚ್ಚು ಕಾಂಟ್ರಾಸ್ಟಿನ ಕಾಗದದ ಮೇಲೆ ಅಚ್ಚು ಹಾಕಿ ನೋಡಬಹುದು.

ಮುಂದಿನ ಹಾಳೆಗೆ ಮಾತ್ರ ಒಂದೇ ಸೂತ್ರ: ನೆರಳಿಗೆ ಬೆಳಕು ಕೊಡಬೇಕು, ಬೆಳಕನ್ನು ಡೆವಲಪರಿನಲ್ಲಿ ಆಳಬೇಕು. ಯಾವ ನೆರಳಿನಲ್ಲಿ ವಿವರ ಉಳಿಯಲೇಬೇಕೋ ಅದರತ್ತ ಮೀಟರನ್ನು ಹಿಡಿದು, ಅದು ಹೇಳಿದುದಕ್ಕಿಂತ ಎರಡು ಸ್ಟಾಪು ಕಡಮೆ ಕೊಟ್ಟರೆ ಆ ನೆರಳು ನೆರಳಾಗಿಯೇ ಉಳಿದು, ತನ್ನೊಳಗಿನ ಬದುಕನ್ನೂ ತೋರುತ್ತದೆ. ಬೆಲ್ಲೋಸ್, ಫಿಲ್ಟರು, ಫಿಲ್ಮಿನ ಆಯಾಸ, ಈ ಮೂರು ಸಾಲಗಳನ್ನು ಷಟರು ಒತ್ತುವ ಮೊದಲೇ ತೀರಿಸಬೇಕು. ಸಂಶಯ ಉಳಿದರೆ ಒಂದಿಷ್ಟು ಬೆಳಕನ್ನು ಹೆಚ್ಚಾಗಿ ಕೊಡುವುದೇ ಲೇಸು. ಹೆಚ್ಚಾದುದನ್ನು ತಗ್ಗಿಸಬಹುದು, ಇಲ್ಲದುದನ್ನು ತರಲಾಗದು.