ಕಂಪ್ಯೂಟರ್ ಸೈನ್ಸ್ ಜೊತೆಗೆ ಎರಡನೆಯ ವಿಷಯ ಯಾವುದಿರಬೇಕು?

ಸಿಇಟಿ ಫಲಿತಾಂಶ ಪ್ರಕಟವಾದೊಡನೆ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿಯೂ ಮೊದಲು ಕೇಳಿಬರುವ ಹೆಸರು ಕಂಪ್ಯೂಟರ್ ಸೈನ್ಸ್. ಸೀಟು ದೊರೆತರೆ ಚಿಂತೆ ಮುಗಿಯಿತೆಂದು ಪೋಷಕರು ಭಾವಿಸುತ್ತಾರೆ. ಅದರೊಡನೆ ಓದಬಹುದಾದ ಎರಡನೆಯ ವಿಷಯದ ಕುರಿತು ಚರ್ಚೆ ನಡೆಯುವುದು ವಿರಳ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮವು 160 ಕ್ರೆಡಿಟ್‌ಗಳ ಪದವಿಯ ಮೇಲೆ ಹೆಚ್ಚುವರಿ 20 ಕ್ರೆಡಿಟ್ ಗಳಿಸುವವರಿಗೆ ಆನರ್ಸ್ ಅಥವಾ ಮೈನರ್ ಪಡೆಯುವ ಅವಕಾಶ ಕಲ್ಪಿಸಿತು. ಈ ಅವಕಾಶವನ್ನು ಕಂಪ್ಯೂಟರ್‌ಗೇ ಸೇರಿದ ಮತ್ತೊಂದು ಶಾಖೆಗೆ ವ್ಯಯಿಸುವುದೆಂದರೆ ಉಂಡ ಅಡುಗೆಯನ್ನೇ ಮತ್ತೊಂದು ಎಲೆಯಲ್ಲಿ ಬಡಿಸಿಕೊಂಡಂತೆ. ಮೈನರ್ ವಿಷಯವು ಕಂಪ್ಯೂಟರ್ ಯಾವ ಕೆಲಸಕ್ಕೆ ಬಳಕೆಯಾಗುವುದೋ ಆ ಕೆಲಸದ ಜ್ಞಾನವನ್ನು ನೀಡಬೇಕು.

ಇದಕ್ಕೆ ನಿದರ್ಶನ ಬಹುತೇಕ ಅಂಗಡಿಗಳ ಮೇಜಿನ ಮೇಲೆಯೇ ಇದೆ. 1986ರಲ್ಲಿ ಬೆಂಗಳೂರಿನಲ್ಲಿ ಟ್ಯಾಲಿ ಸಂಸ್ಥೆಯನ್ನು ಆರಂಭಿಸಿದ ಶ್ಯಾಮಸುಂದರ್ ಗೋಯೆಂಕಾ ಸ್ವತಃ ವ್ಯಾಪಾರಿ. ತಂತ್ರಾಂಶ ರಚಿಸಿದ ಅವರ ಪುತ್ರ ಭರತ್ ಗೋಯೆಂಕಾ ಗಣಿತ ಪದವೀಧರ. ಖಾತೆಗಳಿಗೆ ಸಂಕೇತಾಂಕ ನೀಡದೆ, ಹೆಸರಿನಿಂದಲೇ ಲೆಕ್ಕ ಬರೆಯುವ ಅನುಕೂಲವು ಗುಮಾಸ್ತರಿಗೆ ಅದನ್ನು ಹತ್ತಿರವಾಗಿಸಿತು. ತಂದೆಯ ವ್ಯಾಪಾರಜ್ಞಾನವಿಲ್ಲದೆ ಮಗನ ಗಣಿತವೊಂದೇ ಇಂತಹ ಫಲ ನೀಡುತ್ತಿರಲಿಲ್ಲ.

ಇಂದಿಗೂ ಈ ಮಾತು ಸತ್ಯ. ಜಾಬ್ ವರ್ಕ್‌ಗೆಂದು ಕಳುಹಿಸಿದ ಕಚ್ಚಾ ಮಾಲು ಮಾರಾಟವಲ್ಲ. ಅದು ಕಳುಹಿಸಿದವರದೇ ದಾಸ್ತಾನು. ಆದರೆ ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನಂತೆ ಅದು ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳದಿದ್ದರೆ, ಅಥವಾ ಅಲ್ಲಿಂದಲೇ ಮಾರಾಟವಾಗದಿದ್ದರೆ, ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ಪರಿಗಣಿಸಿ ತೆರಿಗೆ ಬೀಳುತ್ತದೆ. ಇದನ್ನರಿಯದವರು ಬರೆದ ತಂತ್ರಾಂಶ ಎಷ್ಟೇ ಅಂದವಾಗಿದ್ದರೂ ಮಾಲೀಕನಿಗೆ ನಷ್ಟವನ್ನೇ ತಂದೀತು. ಆದುದರಿಂದ ವ್ಯಾಪಾರಸ್ಥರ ಮಕ್ಕಳಿಗೆ ಲೆಕ್ಕಶಾಸ್ತ್ರ, ಹಣಕಾಸು ನಿರ್ವಹಣೆ ಉತ್ತಮ ಆಯ್ಕೆ. ಎರಕದ ಕಾರ್ಖಾನೆ, ಯಂತ್ರಭಾಗ ತಯಾರಿಕೆಯ ಕುಟುಂಬಗಳಿಗೆ ಉತ್ಪಾದನಾ ತಂತ್ರಜ್ಞಾನ ಅಥವಾ ಸಂಖ್ಯಾಶಾಸ್ತ್ರ ಸೂಕ್ತ. ತಿರಸ್ಕೃತವಾದ ಮಾಲಿನ ಕಾರಣ ಹುಡುಕಲು ಅಳತೆಯ ಅಂಕಿಗಳೂ ಬೇಕು, ಕುಲುಮೆಯ ತಿಳಿವಳಿಕೆಯೂ ಬೇಕು.

ಕಂಪನಿಗಳು ಪ್ರೋಗ್ರಾಮಿಂಗ್ ಪರಿಣತಿಯನ್ನೇ ನೋಡುತ್ತವೆ ಎಂಬ ಆಕ್ಷೇಪವುಂಟು. ಮೊದಲ ಉದ್ಯೋಗದ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಸಾಧಾರಣ ಪ್ರೋಗ್ರಾಮ್‌ಗಳನ್ನು ಯಂತ್ರವೇ ಬರೆದುಕೊಡುತ್ತಿರುವ ಈ ದಿನಗಳಲ್ಲಿ, ಏನನ್ನು ಬರೆಯಿಸಬೇಕು, ಬರೆದದ್ದು ಸರಿಯೇ ಎಂದು ಹೇಳಬಲ್ಲವರ ಬೆಲೆ ಹೆಚ್ಚುತ್ತದೆ. ಮುಖ್ಯ ವಿಷಯದಲ್ಲಿಯೇ ಹಿಂದುಳಿದ ವಿದ್ಯಾರ್ಥಿಯ ಮೇಲೆ ಮಾತ್ರ ಹೆಚ್ಚುವರಿ ಹೊರೆ ಹೇರುವುದು ತರವಲ್ಲ. ಮೈನರ್ ಸೌಲಭ್ಯ ಎಲ್ಲ ಕಾಲೇಜುಗಳಲ್ಲಿ ಒಂದೇ ಬಗೆಯಾಗಿಲ್ಲದ ಕಾರಣ ಪ್ರವೇಶಕ್ಕೆ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು. ಅದಿಲ್ಲದೆಡೆ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ.

ಸಣ್ಣ ಉದ್ದಿಮೆಗಳಿಗೆ ತಕ್ಕ ತಂತ್ರಾಂಶ ದೊರೆಯದೆಂದು ದೂರುವ ಉದ್ಯಮಿಗಳ ಹೊಣೆಯೂ ಇಲ್ಲಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್‌ಗಾಗಿ ತಮ್ಮ ಗೋದಾಮು, ದಾಸ್ತಾನು ಪುಸ್ತಕ, ಯಂತ್ರಶಾಲೆಗಳನ್ನು ತೆರೆದಿಡಬೇಕು. ಅಂಗಡಿಯ ಮೆಟ್ಟಿಲೇರದ ವಿದ್ಯೆ ಅಂಗಡಿಯ ಕಷ್ಟವನ್ನು ಹೇಗೆ ತಾನೇ ಅರಿತೀತು?