ಎರಡು ತಲೆಯ ಹಾವು

ನಮ್ಮ ಪ್ರಯೋಗಶಾಲೆಯ ತಕ್ಕಡಿಯನ್ನು ಒಂದು ಸಂಜೆಯ ಮಟ್ಟಿಗೆ ಕೊಡಬಹುದೇ ಎಂದು ವಿದ್ಯಾರ್ಥಿಯೊಬ್ಬನು ಹಿಂದೊಮ್ಮೆ ನಮ್ಮನ್ನು ಕೇಳಿದನು. ತೂಗಬೇಕಾದುದು ಏನೆಂದು ವಿಚಾರಿಸಲು, ತುಸು ತಡವರಿಸಿ, "ಎರಡು ತಲೆಯ ಹಾವು, ಸಾರ್" ಎಂದನು. ಅವನ ಊರಿನ ಹೊಲದಲ್ಲಿ ಸಿಕ್ಕಿದ್ದಿತಂತೆ. ಮೂರು ಕಿಲೋ ಮೀರಿದರೆ ಕೋಟಿಗಟ್ಟಲೆ ಬೆಲೆ ಬರುವುದೆಂದು ಯಾರೋ ಆಸೆ ಹುಟ್ಟಿಸಿದ್ದರಂತೆ. ಇನ್ನೂರು ಗ್ರಾಮು ಮೀರಿದರೆ ಮುನಿಸಿಕೊಳ್ಳುವ ತಕ್ಕಡಿ ನಮ್ಮದು! ನಾವು ನಕ್ಕುಬಿಟ್ಟೆವು. ನಕ್ಕುದೇ ತಪ್ಪಾಯಿತು. ಅವನು ಮತ್ತೆ ಆ ಮಾತನ್ನೇ ಎತ್ತಲಿಲ್ಲ. ಹಾವು ಯಾರ ಚೀಲ ಸೇರಿತೋ ದೇವರೇ ಬಲ್ಲ.

ಈ ಹಾವಿಗಿರುವುದು ಒಂದೇ ತಲೆ. ಮಣ್ಣುಮುಕ್ಕ ಎಂದೂ ಕರೆಯಿಸಿಕೊಳ್ಳುವ ಇದರ ಬಾಲ ಮೊಂಡಾಗಿ ತಲೆಯನ್ನೇ ಹೋಲುತ್ತದೆ. ವೈರಿ ಎದುರಾದಾಗ ಅದು ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಬಾಲವನ್ನು ಮೇಲೆತ್ತುತ್ತದೆ. ಕಚ್ಚು ಬಿದ್ದರೆ ಬಾಲಕ್ಕೆ ಬೀಳಲಿ ಎಂಬ ಹೂಟವಿದು. ಆರು ತಿಂಗಳು ಒಂದು ತಲೆ, ಆರು ತಿಂಗಳು ಇನ್ನೊಂದು ತಲೆ ಮುಂದಾಗಿ ಹರಿಯುತ್ತದೆಂಬ ಮಾತು ಹುಟ್ಟಿದ್ದು ಈ ಮೊಂಡು ಬಾಲದಿಂದಲೇ. ವಿಷವಿಲ್ಲದ, ಸಾಧುವಾದ ಜೀವಿ. ಬಿಲದ ಇಲಿಗಳನ್ನು ತಿಂದು ರೈತನ ಕಾಳನ್ನು ಉಳಿಸುತ್ತದೆ. ವೈರಿಯನ್ನು ಮೋಸಗೊಳಿಸಲು ಬಂದ ಬಾಲ ಮನುಷ್ಯನನ್ನೂ ಮೋಸಗೊಳಿಸಿತು. ಆದರೆ ಈ ಸಲ ಕೆಟ್ಟದ್ದು ಹಾವಿಗೇ. ಮನೆಯಲ್ಲಿದ್ದರೆ ಐಶ್ವರ್ಯ, ನಿಧಿ ತೋರಿಸುತ್ತದೆ, ರೋಗ ಕಳೆಯುತ್ತದೆ ಎಂದು ನಂಬಿದವರುಂಟು. ನಂಬಿದವರಿಗೆ ಮಾರುವವರೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೂ ಚೀಲದೊಳಗೆ ಹಾವನ್ನಿಟ್ಟುಕೊಂಡು ಗಿರಾಕಿಯನ್ನು ಅರಸುತ್ತಿದ್ದವರು ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಹಾಗಾದರೆ ನಂಬಿಕೆಗಳನ್ನೆಲ್ಲ ಬೇರುಸಹಿತ ಕಿತ್ತುಹಾಕೋಣವೆ? ವಿಜ್ಞಾನ ಕಲಿಸುವ ನಮ್ಮಂಥವರಿಗೆ ಈ ಉತ್ಸಾಹ ಬೇಗ ಬರುತ್ತದೆ. ಆದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಅಲ್ಲಿ ಮನೆಗಳ ನಡುವಣ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರ ಭಾವನೆ; ಅವು ಬಂದರೆ ಮಳೆಬೆಳೆ ಚೆನ್ನ ಎಂಬುದೂ ಒಂದು ನಂಬಿಕೆ. ಹಕ್ಕಿಗೂ ಮಳೆಗೂ ಇರುವ ಸಂಬಂಧ ಬೇರೆ ದಿಕ್ಕಿನದು, ಕೆರೆ ತುಂಬಿದರೆ ಮೀನು, ಮೀನಿದ್ದರೆ ಹಕ್ಕಿ, ಎಂದು ನಾವು ವಾದಿಸಬಹುದು. ವಾದಿಸಿ ಗೆದ್ದು, ಮರ ಕಡಿಸಿದರೆ? ಬರಿಯ ಭಾವನೆ ಸಾಲದೆಂಬುದೂ ನಿಜವೇ: ಗೂಡುಗಳಿಂದಾಗಿ ಹುಣಸೆ ಫಸಲು ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟುದುಂಟು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆಯೂ ಆಯಿತು. ಆದರೆ ಇಲಾಖೆ ಬರುವುದಕ್ಕೆ ಬಹಳ ಮುಂಚಿನಿಂದಲೂ ಹಕ್ಕಿಗಳನ್ನು ಕಾದದ್ದು ಊರವರೇ.

ಎರಡೂ ಕಡೆ ಶುಭವೆಂಬ ಮಾತು ಒಂದೇ. ಬೆಳ್ಳೂರಿನ ಶುಭ ಹಕ್ಕಿ ಮರದ ಮೇಲಿದ್ದರೆ ಮಾತ್ರ ದೊರೆಯುವುದು. ಹಾವಿನ ಶುಭಕ್ಕೆ ಅದನ್ನು ಹಿಡಿದು ಚೀಲಕ್ಕೆ ಹಾಕಲೇಬೇಕು. ನಾವು ಎದುರಿಸಬೇಕಾದುದು ಈ ಎರಡನೆಯದನ್ನು, ಅದನ್ನೂ ನಗೆಯಿಂದಲ್ಲ. ಅಂದು ನಾವು ನಗುವ ಬದಲು ಆ ಹುಡುಗನೊಡನೆ ಅವನ ಊರಿಗೆ ಹೋಗಿ, ಹಾವನ್ನು ಸಿಕ್ಕಿದ ಹೊಲದಲ್ಲೇ ಬಿಡಿಸಿ, ಅದು ಯಾವ ತುದಿ ಮುಂದಾಗಿ ಹರಿಯಿತೆಂದು ಅವನನ್ನೇ ಕೇಳಬೇಕಾಗಿತ್ತು. ಬಸ್ಸಿಗೆ ಅರ್ಧ ಗಂಟೆಯ ದಾರಿ, ಅಷ್ಟೆ.